ನೊಗ ಇಳಿಸಿದ ಹೊತ್ತು

"ಗುರುಗಳೇ, ಕೇಳಿಯೇ ಕೆಲಸ ಮಾಡಿಸಿದರೂ ತಪ್ಪೇ?" ಎಂದು ಶಿಷ್ಯ ಕೇಳಿದ.

ಮಠದ ಎಳ್ಳಿನ ಹೊಲದ ಉಸ್ತುವಾರಿ ಅವನದು. ಆಳುಗಳನ್ನು ಈ ಬಿಸಿಲಲ್ಲಿ ಬಿಟ್ಟು ಊಟಕ್ಕೆ ಬಂದೆಯಾ ಎಂದು ಅಡುಗೆಯ ಗಂಗಮ್ಮ ಆಗಷ್ಟೇ ಬೈದಿದ್ದಳು. "ನೆರಳಿಗೆ ಬಂದು ಕೂರುತ್ತೀರಾ ಎಂದು ಆಳುಗಳನ್ನು ನಾನೇ ಕೇಳಿದೆ. ಬೇಡ ಎಂದವರು ಅವರೇ" ಎಂದ.

"ಕೂತುಕೋ. ನೆರಳಲ್ಲೇ ಕೂತುಕೋ, ನಿನಗೆ ಯಾರ ಅಪ್ಪಣೆ ಬೇಕು" ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕತೆ ಯಾಕೆ ಬೇಕಿತ್ತು, ಎರಡು ಮಾತು ಬೈದು ಸುಮ್ಮನಾಗುತ್ತಿದ್ದೆ. ಬೇಸಿಗೆಯ ಶೇಂಗಾ ಕೀಳುವ ಕಾಲ ಬಂತು. ಅವನು ಮುಂದೆ ಎತ್ತು ಹೂಡಿ ಕುಂಟೆ ಹೊಡೆದು ಮಣ್ಣು ಸಡಿಲಿಸುತ್ತಾ ಹೋಗುವುದು, ಹಿಂದೆ ಏಳು ಜನ ಹೆಂಗಸರು ಗಿಡ ಕಿತ್ತು, ಮಣ್ಣು ಕೊಡವಿ, ಗುಡ್ಡೆ ಹಾಕುವುದು. ಒಬ್ಬೊಬ್ಬರಿಗೆ ಒಂದೊಂದು ಸಾಲು. ನಡುವೆ ಯಾರಾದರೂ ಕೂತರೆ ಅವಳ ಸಾಲನ್ನೂ ಪಕ್ಕದವಳೇ ಎಳೆಯಬೇಕು. ಹಾಗೆ ಕೂತವಳನ್ನು ಮರುದಿನ ಯಾರೂ ಕರೆಯುತ್ತಿರಲಿಲ್ಲ.

ನೆರಳು ಕಾಲಡಿಗೆ ಬಂದಾಗ ಎತ್ತುಗಳ ಬಾಯಲ್ಲಿ ನೊರೆ ಕಂಡಿತು. ರೈತ ಕುಂಟೆ ನಿಲ್ಲಿಸಿ ನೊಗ ಇಳಿಸಿದ. ಅವನಪ್ಪನೂ ಆ ಹೊತ್ತಿಗೇ ಇಳಿಸುತ್ತಿದ್ದ. ಹೊಲಕ್ಕೆಲ್ಲ ಇದ್ದದ್ದು ಒಂದು ಬೇವಿನ ಮರ. ಎತ್ತುಗಳನ್ನು ಅದರ ಕೆಳಗೆ ಕಟ್ಟಿ, ಬಾನಿಯ ತುಂಬ ನೀರಿಟ್ಟ. ಆಮೇಲೆ ಹೆಂಗಸರ ಕಡೆ ತಿರುಗಿ, "ಬಿಸಿಲು ಜೋರಾಗಿದೆ. ಕೂರುತ್ತೀರಾ, ಇಲ್ಲ ಈ ಸಾಲು ಮುಗಿಸುತ್ತೀರಾ?" ಎಂದ.

ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಯ ಸಾಲಿನಲ್ಲಿದ್ದವಳು ಹನುಮಕ್ಕ, ಗುಂಪಿಗೆ ಹೊಸಬಳು. ಮೂರು ದಿನ ಬೇಡಿಕೊಂಡು ಕೆಲಸಕ್ಕೆ ಸೇರಿದ್ದಳು. ಬೆಳಗಿನಿಂದ ಎರಡು ಗುಟುಕು ನೀರು ಕುಡಿದಿದ್ದಳು, ಅಷ್ಟೇ. ಬಟ್ಟಬಯಲು ಹೊಲ. ಹೆಚ್ಚು ಕುಡಿದರೆ ಹೋಗಿಬರಲು ಹೆಂಗಸರಿಗೆ ಮರೆ ಎಲ್ಲಿದೆ? ಆಗಲೇ ಅವಳ ತಲೆ ಸಿಡಿಯುತ್ತಿತ್ತು. ಆದರೂ ಎಲ್ಲರಿಗಿಂತ ಮೊದಲು ಅವಳೇ, "ಆಗುತ್ತೆ ಯಜಮಾನರೇ, ಮುಗಿಸುತ್ತೇವೆ" ಎಂದಳು. ರೈತ ಮರದ ಕೆಳಗೆ ಹೋಗಿ ಕೂತ.

ಸ್ವಲ್ಪ ಹೊತ್ತಿಗೆ ಪಕ್ಕದ ಸಾಲಿನ ದುರುಗವ್ವ ತಿರುಗಿ ನೋಡಿದಳು. ಹನುಮಕ್ಕನ ಕೈಯಲ್ಲಿ ಗಿಡವಿಲ್ಲ, ಬರಿಗೈ ಕೊಡವುತ್ತಿದ್ದಾಳೆ. ಉಳಿದವರ ರವಿಕೆ ಬೆವರಿಗೆ ಮೈಗಂಟಿತ್ತು. ಇವಳ ಕತ್ತು ಒಣಗಿತ್ತು, ಮುಟ್ಟಿದರೆ ಕಾದ ಹಂಚು. "ಏನಾಯ್ತೇ ತಾಯಿ?" ಎಂದರೆ, "ಒಲೆ ಮೇಲೆ ಹಾಲಿದೆ ಅಕ್ಕಾ, ಉಕ್ಕುತ್ತೆ" ಎಂದಳು. ಹಾಗೆಂದವಳು ಅಲ್ಲೇ ಕುಸಿದಳು.

ಗುರುಗಳು ಕತೆ ನಿಲ್ಲಿಸಿ, ಪಕ್ಕದಲ್ಲಿದ್ದ ಚೊಂಬೆತ್ತಿ ನಿಧಾನವಾಗಿ ನೀರು ಕುಡಿದರು. ಶಿಷ್ಯ ಅಂಗಳದ ಕಡೆ ನೋಡಿದ. ಕಂಬದ ನೆರಳು ಕಂಬದ ಬುಡಕ್ಕೆ ಬಂದಿತ್ತು.

"ಬದುಕಿದಳೇ?" ಎಂದ.

ಅವಳನ್ನು ಮರದಡಿಗೆ ಹೊತ್ತು ತಂದರೆ ಮಲಗಿಸಲು ಜಾಗವೆಲ್ಲಿದೆ? ನೆರಳಲ್ಲೆಲ್ಲ ಎತ್ತು. ರೈತ ಗಾಬರಿಯಲ್ಲಿ ಅವುಗಳನ್ನು ಬಿಸಿಲಿಗೆ ಅಟ್ಟಿದ. ದುರುಗವ್ವ ಬಾನಿಯ ನೀರನ್ನೇ ತಲೆ, ಕತ್ತು, ಕಂಕುಳಿಗೆಲ್ಲ ಸುರಿದಳು. ಉಳಿದವರು ಸೆರಗು ತೋಯಿಸಿ ಬೀಸಿದರು. ಹಾಗೇ ಬೀಸುತ್ತಾ ಆಸ್ಪತ್ರೆಗೆ ಒಯ್ದರು. ಎರಡು ದಿನ ಅವಳಿಗೆ ಹೆತ್ತ ಮಗಳ ಗುರುತು ಹತ್ತಲಿಲ್ಲ. ಮೂರನೆಯ ದಿನ ಹೆಸರು ಹಿಡಿದು ಕರೆದಳು. ದುರುಗವ್ವನ ಕಣ್ಣು ಚುರುಕಾಗಿತ್ತು, ಅದಕ್ಕೆ ಬದುಕಿದಳು. ರೈತನ ಪುಣ್ಯದಿಂದಲ್ಲ.

ಅವತ್ತು ರೈತ ಇಲ್ಲಿಗೇ ಬಂದ. ನೀನು ಕೂತಿದ್ದೀಯಲ್ಲ, ಅಲ್ಲೇ ಕೂತ. "ನಾನು ಬಾಯಿಬಿಟ್ಟು ಕೇಳಿದ್ದೆ ಬುದ್ಧಿ. ಆಗುತ್ತೆ ಅಂತ ಅವಳೇ ಅಂದಳು. ನನ್ನ ತಪ್ಪೇನು?" ಎಂದ. ನಿನ್ನ ಮಾತೇ, ಸ್ವಲ್ಪವೂ ಹೆಚ್ಚುಕಮ್ಮಿಯಿಲ್ಲ.

"ತಾವು ಏನೆಂದಿರಿ?" ಶಿಷ್ಯನ ದನಿ ಇಳಿದಿತ್ತು.

"ನೊಗ ಇಳಿಸುವ ಮುಂಚೆ ಎತ್ತುಗಳನ್ನೂ ಕೇಳಿದ್ದೆಯಾ ಎಂದೆ."

ಶಿಷ್ಯ ಎದ್ದು ಹೊಲದ ಕಡೆ ಓಡಿದ.