ಹೆಗ್ಗಣಪ್ಪ ತೋಡಿಕೊಟ್ಟ ಶಾಲೆ

ದಿಬ್ಬಕ್ಕೆಲ್ಲ ಹಿರಿಯಳಾದ ಅಳಿಲಜ್ಜಿ ಹೊಂಗೆ ಮರದ ಬುಡದಲ್ಲಿ, ಬಯಲಲ್ಲೇ, ಇಲಿಮರಿಗಳಿಗೆ ಪಾಠ ಹೇಳುತ್ತಿದ್ದಳು. ಒಂದು ದಿನ ಹೆಗ್ಗಣಪ್ಪ ಬಂದು, "ಇಲ್ಲಿ ನಲವತ್ತು ಬಿಲ ತೋಡಿ ಹೊಸ ಸಂಸಾರಗಳಿಗೆ ಕೊಡುತ್ತೇನೆ, ಅಪ್ಪಣೆಯಾಗಲಿ" ಎಂದ.

"ಅವರ ಮಕ್ಕಳು ಎಲ್ಲಿ ಕಲಿಯಬೇಕಪ್ಪಾ? ಇರುವ ಮರಿಗಳಿಗೇ ಜಾಗ ಸಾಲದು. ಮೊದಲು ಬೇರಿನಡಿ ಒಂದು ಶಾಲೆ ತೋಡಿಕೊಡು, ಆಮೇಲೆ ಬಿಲ."

ಹೆಗ್ಗಣಪ್ಪ ಗೊಣಗುತ್ತಲೇ ಒಪ್ಪಿದ. ಒಪ್ಪಿದಂತೆ ತೋಡಿಯೂ ಕೊಟ್ಟ. ಹೊಸಬರು ಬಂದ ವಾರವೇ ಹದ್ದು ಎರಗಿತು. ಆದರೆ ಮರಿಗಳೆಲ್ಲ ಶಾಲೆಯೊಳಗಿದ್ದವು. ಹದ್ದು ಉಗುರಿಗೆ ಏನೂ ಸಿಗದೆ ಹಾರಿಹೋಯಿತು.

ಅಜ್ಜಿ ಕಣ್ಣೊರೆಸಿಕೊಂಡು, "ನಿನ್ನ ಉಪಕಾರ ದೊಡ್ಡದು ಕಣಪ್ಪಾ" ಎಂದಳು.

"ಕೈಮುಗಿಯಬೇಕಾದವನು ನಾನು, ಅಜ್ಜಿ," ಎಂದ ಹೆಗ್ಗಣಪ್ಪ. "ಬರೀ ಬಿಲ ತೋಡಲು ಬಂದವನ ಕೈಯಲ್ಲಿ ನೀವು ಊರನ್ನೇ ಕಟ್ಟಿಸಿದಿರಿ."