ಕನ್ನಡಿಯ ಹಿಂದಿನ ಮಾತ್ರೆ

ಡಾಕ್ಟರು ಬರೆದದ್ದು ಹತ್ತು ಮಾತ್ರೆ. ಆರನೆಯದಕ್ಕೇ ದ್ಯಾಮಣ್ಣನ ಜ್ವರ ಇಳಿಯಿತು. "ಸಾಕು, ಇನ್ನ್ಯಾಕ ನುಂಗತಿಯೋ? ಎತ್ತಿಡು, ಯಾರಿಗಾರ ಬೇಕಾಕ್ಕಾವು" ಎಂದಳು ಅವನ ತಾಯಿ ಫಕೀರವ್ವ. ಉಳಿದ ನಾಲ್ಕು ಮಾತ್ರೆಗಳು ಗೋಡೆಗನ್ನಡಿಯ ಹಿಂದೆ ಸೇರಿದವು.

ತಿಂಗಳೊಳಗೆ ಅದೇ ಜ್ವರ ಅವನ ತಂಗಿ ನೀಲವ್ವನನ್ನು ಹಿಡಿಯಿತು. ಫಕೀರವ್ವ ಕನ್ನಡಿಯ ಹಿಂದೆ ಕೈಹಾಕಿದಳು. ಏಳನೆಯ ಮಾತ್ರೆ ಹುಮ್ಮಸ್ಸಿನಿಂದ ಹುಡುಗಿಯ ಹೊಟ್ಟೆಗಿಳಿದು ಗುಡುಗಿತು: "ರೋಗಾಣುವೇ, ಸಾಯಲು ಸಿದ್ಧವಾಗು!"

ರೋಗಾಣು ಕೂತಲ್ಲಿಂದ ಏಳಲೂ ಇಲ್ಲ. "ಬಾರಪ್ಪಾ ಏಳನೆಯವನೇ, ತಡವಾಯಿತಲ್ಲ! ನಿನ್ನ ಆರು ಜನ ಅಣ್ಣಂದಿರು ಇವಳ ಅಣ್ಣನ ಮೈಯಲ್ಲಿ ನಮ್ಮವರನ್ನು ಸಾಲುಸಾಲಾಗಿ ಕೊಂದರು. ಗಟ್ಟಿಗರು ನಾಲ್ಕೈದು ಮಂದಿ ಮಾತ್ರ ಅರೆಜೀವವಾಗಿ ಉಳಿದಿದ್ದರು. ಅಂದೇ ನೀವು ನಾಲ್ವರೂ ಬಂದಿದ್ದರೆ ನಮ್ಮ ವಂಶವೇ ಇರುತ್ತಿರಲಿಲ್ಲ. ಇಲ್ಲಿರುವ ನಾವೆಲ್ಲ ಆ ಗಟ್ಟಿಗರ ಮಕ್ಕಳು. ನಿನ್ನ ಏಟು ನಮಗೆ ತಾಗುವುದಿಲ್ಲ."

"ನಾನು ಬರಲು ಸಿದ್ಧನಿದ್ದೆ. ನನ್ನನ್ನು ಬಿಡಲಿಲ್ಲ" ಎಂದಿತು ಮಾತ್ರೆ, ಕುಗ್ಗಿದ ದನಿಯಲ್ಲಿ.

"ಗೊತ್ತು. ಆ ತಾಯಿಯ ಉಪಕಾರ ಮರೆಯುವವರಲ್ಲ ನಾವು."

ಹೊರಗೆ ನೀಲವ್ವನ ಹಣೆ ಕೆಂಡವಾಗಿತ್ತು. ಫಕೀರವ್ವ ಅದರ ಮೇಲೆ ಒದ್ದೆ ಬಟ್ಟೆಯಿಟ್ಟು, "ಹೆದರಬ್ಯಾಡವ್ವಾ, ಇನ್ನೂ ಮೂರು ಅದಾವು" ಎಂದಳು.