ಒಂದೇ ಗೆರೆಯ ಪಾದುಕೆ

"ಸುಡುಗಲ್ಲು ಪಟ್ಟಣದವರೆಲ್ಲ ಕೇಳಿ. ರಾಜಕುಮಾರಿ ಚಂಪಕಾಂಬೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದನ್ನು ಮಹಾರಾಜರು ಕೊಡುತ್ತಾರೆ. ಸಭೆಯ ನಡುವಿನ ಕರಿಕಲ್ಲಿನ ಮೇಲೆ ಬಂದವನು ಉತ್ತರ ಹೇಳಲೇಬೇಕು. ತಪ್ಪಿದರೆ ಅಮಾವಾಸ್ಯೆಯಂದು ತಲೆದಂಡ."

ಡಂಗುರದವನು ಹೀಗೆ ಸಾರಿಕೊಂಡು ಹೋದ. ಅರಮನೆಯ ನೆಲ ಒರೆಸುವ ದ್ಯಾವಯ್ಯನಿಗೆ ಇದರಿಂದ ಹುಟ್ಟಿದ ಚಿಂತೆ ಒಂದೇ: ಇನ್ನು ಎಷ್ಟು ಜನ ಧೂಳುಗಾಲಿನಲ್ಲಿ ಒಳಗೆ ಬರುತ್ತಾರೋ.

ರಾಜಕುಮಾರಿ ಬೆಳೆದದ್ದು ಸುಡುಗಲ್ಲಿನಲ್ಲಿ ಅಲ್ಲ. ಇಲ್ಲಿಯ ಬಿಸಿಲು ಒಗ್ಗದ ರಾಣಿ ಮಗಳನ್ನು ಕರೆದುಕೊಂಡು ಉತ್ತರದ ತವರಿನಲ್ಲೇ ಇದ್ದಳು. ಅಲ್ಲಿ ಚಳಿಗಾಲಕ್ಕೆ ಕೆರೆ ಕಲ್ಲಿನಂತೆ ಹೆಪ್ಪುಗಟ್ಟುತ್ತಿತ್ತು. ತಾಯಿ ಮಗಳು ಅಂಗಾಲಿನಡಿ ಕಬ್ಬಿಣದ ಅಲಗು ಕಟ್ಟಿಕೊಂಡು ಅದರ ಮೇಲೆ ಜಾರಾಡುತ್ತಿದ್ದರು. ರಾಣಿ ತೀರಿಕೊಂಡ ಮೇಲೆ ರಾಜ ಮಗಳನ್ನು ಕರೆಸಿಕೊಂಡ. ಸುಡುಗಲ್ಲಿನಲ್ಲಿ ಗಟ್ಟಿಯಾಗುವುದು ಹಳೆಯ ರೊಟ್ಟಿ ಮಾತ್ರ. ಹುಡುಗಿ ತಿಂಗಳುಗಟ್ಟಲೆ ಯಾರೊಂದಿಗೂ ಮಾತಾಡಲಿಲ್ಲ. ಆಮೇಲೆ ಬಾಯಿ ತೆರೆದಾಗ ಹೊರಬಿದ್ದದ್ದು ಈ ಒಗಟುಗಳು.

ಮೊದಲು ಕಲ್ಲೇರಿದವನು ಪಕ್ಕದ ರಾಜ್ಯದ ಯುವರಾಜ.

"ನಿಂತ ನೀರಿನ ಹಾಗೆ ಮುಖ ತೋರಿಸುತ್ತದೆ. ಕಾಲಿಟ್ಟರೆ ಮುಳುಗಿಸುವುದಿಲ್ಲ, ಎಚ್ಚರ ತಪ್ಪಿದರೆ ಬೀಳಿಸುತ್ತದೆ. ಸುಡುಗಲ್ಲಿನಲ್ಲಿ ಅಂಥ ಕೆರೆ ಎಲ್ಲಿದೆ?" ಎಂದಳು ರಾಜಕುಮಾರಿ.

"ಬಿಸಿಲ್ಗುದುರೆ," ಎಂದ ಯುವರಾಜ.

"ಅದರ ಮೇಲೆ ನಿಂತು ತೋರಿಸು."

ಅವನನ್ನು ಸೆರೆಮನೆಗೆ ಒಯ್ದರು. ಎರಡನೆಯವನು ಒಬ್ಬ ಸೇನಾಪತಿ. ಅವನು ತನಗಿಷ್ಟವಾದ ಒಗಟಿನಿಂದಲೇ ಶುರು ಮಾಡುತ್ತೇನೆಂದು ಹಟ ಹಿಡಿದು ಎರಡನೆಯದನ್ನು ಕೇಳಿಸಿಕೊಂಡ.

"ನಾಲ್ಕು ಚಕ್ರದ ಬಂಡಿ, ಹೋದಲ್ಲೆಲ್ಲ ಒಂದೇ ಗೆರೆ. ವಾಲಿದರೆ ಮಗುಚುವುದಿಲ್ಲ, ವಾಲಿದ ಕಡೆಗೇ ತಿರುಗುತ್ತದೆ. ಅದು ಹೇಗೆ?"

"ಮೂರು ಚಕ್ರ ಕಳಚಿಹೋಗಿರಬೇಕು."

ಅವನನ್ನೂ ಒಯ್ದರು. ಮೂರನೆಯವನು ಶ್ರೀಮಂತರ ಮನೆಯ ಕಿರಿಯ ಮಗ. ತನಗೆ ಕೊನೆಯದೇ ಸಾಕು ಎಂದ.

"ನಾಲ್ವರು ಅಣ್ಣತಮ್ಮಂದಿರು ಸಾಲಾಗಿ ನಿಂತು ಒಂದು ಮನೆ ಹೊತ್ತಿದ್ದಾರೆ. ನಾಲ್ವರೂ ಸಮನಾಗಿ ಹೊತ್ತರೆ ಮನೆ ನೆಟ್ಟಗೆ ಹೋಗುತ್ತದೆ, ತಿರುಗುವುದಿಲ್ಲ. ತಿರುಗಬೇಕಾದರೆ ಯಾರು ಕೈಬಿಡಬೇಕು?"

"ಹಿರಿಯವನು. ನಮ್ಮ ಮನೆಯಲ್ಲಿ ಅವನು ಹೊತ್ತದ್ದೇ ಇಲ್ಲ."

ಸಭೆಯಲ್ಲಿ ಕೆಲವರು ನಕ್ಕರು. ರಾಜಕುಮಾರಿ ನಗಲಿಲ್ಲ. ಅವನೂ ಹೋದ.

ಅವನ ಹೆಜ್ಜೆಗುರುತು ಕರಿಕಲ್ಲಿನ ಮೇಲೆ ಉಳಿದಿತ್ತು. ದ್ಯಾವಯ್ಯನಿಗೆ ತಡೆಯಲಾಗಲಿಲ್ಲ. ತಳದಲ್ಲಿ ತುಸು ಎಣ್ಣೆಯಿದ್ದ ಕರಟ ಹಿಡಿದು ಬಂದು ಕಲ್ಲಿನ ಮೇಲೆ ಕೂತು ಉಜ್ಜತೊಡಗಿದ.

"ಕಲ್ಲಿನ ಮೇಲೆ ಬಂದಿದ್ದೀಯ," ಎಂದಳು ರಾಜಕುಮಾರಿ.

ದ್ಯಾವಯ್ಯನ ಕೈ ನಿಂತಿತು. "ಒರೆಸಕ್ಕೆ ಬಂದೆ ಅಮ್ಮಣ್ಣಿ. ನಿಂತೂ ಇಲ್ಲ, ಕೂತಿದ್ದೀನಿ."

ರಾಜ ಮಂತ್ರಿಯ ಮುಖ ನೋಡಿದ. "ಬಂದವನು ಎಂದೇ ಸಾರಿಸಿದ್ದು, ಪ್ರಭು," ಎಂದ ಮಂತ್ರಿ. ಕೊಡಲಿಯವನು ದ್ಯಾವಯ್ಯನ ಹಿಂದೆ ಬಂದು ನಿಂತು ಅವನ ಕತ್ತನ್ನು ಒಮ್ಮೆ ಅಳೆಯುವಂತೆ ನೋಡಿದ.

ದ್ಯಾವಯ್ಯ ತಲೆ ತಗ್ಗಿಸಿದ. ನೆಲದಲ್ಲಿ ಅವನ ಮುಖವೇ ಕಂಡಿತು, ಬೆವರಿನ ಸಮೇತ.

"ಮೊದಲನೇದು ಇದೇ ಅಮ್ಮಣ್ಣಿ, ಈ ನೆಲ. ಮಂತ್ರಿಗಳು ಹಬ್ಬದ ದಿನ ಬಿದ್ದರಲ್ಲ." ಮಂತ್ರಿ ಕೆಮ್ಮಿದ. "ಎರಡನೇದು... ಗದ್ದೆ ಬದುವಿನ ಮೇಲೆ ನಾಲ್ಕು ಜನ ಹೋದರೂ ಸವೆಯೋದು ಒಂದೇ ದಾರಿ. ಚಕ್ರಗಳೂ ಒಂದರ ಹಿಂದೆ ಒಂದು ಇರಬೇಕು. ಬಳೆ ಉರುಳಿಸಿದರೆ ಅದು ವಾಲಿದ ಕಡೆಗೇ ತಿರುಗುತ್ತೆ, ಹಾಗೆ."

ರಾಜಕುಮಾರಿ ಆಸನದ ತುದಿಗೆ ಬಂದಿದ್ದಳು. "ಮೂರನೆಯದು?"

ದ್ಯಾವಯ್ಯನ ಕೈ ಗಾಬರಿಗೆ ಸುಮ್ಮನಿರದೆ ಎಣ್ಣೆಯ ಕರಟವನ್ನು ತಿರುವುತ್ತಿತ್ತು. ಕರಟ ಬುಗುರಿಯಂತೆ ಸುತ್ತಿತು. ಪಕ್ಕದಲ್ಲಿದ್ದ ಉಜ್ಜುವ ಹಲಗೆಯನ್ನು ತಿರುವಿದ. ಅದು ಅರ್ಧಕ್ಕೇ ನಿಂತಿತು. ಅವನು ಎರಡನ್ನೂ ಮತ್ತೊಮ್ಮೆ ತಿರುವಿ ನೋಡಿದ.

"ಮೊದಲನೆಯವನೂ ಕೊನೆಯವನೂ ಕೈಬಿಡಬೇಕು ಅಮ್ಮಣ್ಣಿ. ಪೂರ್ತಿ ಅಲ್ಲ, ಕೂದಲೆಳೆಯಷ್ಟು. ಹಲಗೆ ಮೈಯೆಲ್ಲ ನೆಲಕ್ಕೆ ಒತ್ತುತ್ತೆ, ತಿರುಗಲ್ಲ. ಕರಟದ ಹೊಟ್ಟೆ ಮಾತ್ರ ತಾಗುತ್ತೆ, ತಿರುಗುತ್ತೆ."

"ಸರಿಯೇನಮ್ಮ?" ಎಂದ ರಾಜ.

"ಗೊತ್ತಿಲ್ಲ ಅಪ್ಪಾಜಿ. ಮಾಡಿಸಿ ನೋಡಬೇಕು."

"ಉತ್ತರ ಗೊತ್ತಿಲ್ಲದ ಒಗಟಿಗೆ ನಾನು ಮೂವರ ತಲೆ ತೆಗೆಸಲು ಹೊರಟಿದ್ದೆನೇ?"

"ಅವರ ಉತ್ತರ ತಪ್ಪು ಅನ್ನುವುದು ಗೊತ್ತಿತ್ತು."

ಆ ಉತ್ತರಗಳನ್ನು ಸೇರಿಸಿ ಅರಮನೆಯ ಬಡಗಿ ರಾಜಕುಮಾರಿಗೆ ಒಂದು ಜೊತೆ ಪಾದುಕೆ ಮಾಡಿದ. ಒಂದೊಂದರ ಅಡಿಯಲ್ಲಿ ನಾಲ್ಕು ಅರಗಿನ ಚಕ್ರ, ಒಂದೇ ಸಾಲು, ತುದಿಯ ಎರಡು ತುಸು ಮೇಲೆ. ಅದು ಮುಗಿಯುವವರೆಗೆ ದ್ಯಾವಯ್ಯ ಬಡಗಿಯ ಬಾಗಿಲು ಬಿಟ್ಟು ಕದಲಲಿಲ್ಲ. ಚಕ್ರ ಸುಳ್ಳಾದರೆ ಅಮಾವಾಸ್ಯೆಗೆ ತಲೆಗಳು ನಾಲ್ಕು.

ರಾಜಕುಮಾರಿ ಪಾದುಕೆ ಬಿಗಿದು ನೆಲವನ್ನು ಒಮ್ಮೆ ಒದ್ದಳು. ಕಂಬಗಳ ಸಾಲನ್ನು ದಾಟಿದಳು. ಗೋಡೆ ಎದುರಿಗೇ ಬಂತು. ದ್ಯಾವಯ್ಯ ಕಣ್ಣು ಮುಚ್ಚಿಕೊಂಡ. ಸದ್ದಾಗಲಿಲ್ಲ. ಕಣ್ಣು ತೆರೆದಾಗ ಅವಳು ಎಡಕ್ಕೆ ವಾಲಿ, ಹದ್ದು ಆಕಾಶದಲ್ಲಿ ತಿರುಗುವ ಹಾಗೆ ತಿರುಗಿ ಬರುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಅಮ್ಮ ಹೀಗೇ ವಾಲುತ್ತಿದ್ದರು," ಎಂದಳು, ಯಾರಿಗೂ ಅಲ್ಲ. ರಾಜ ಮುಖ ಆಚೆ ತಿರುಗಿಸಿಕೊಂಡ.

ಮರುಕ್ಷಣ ಅವಳು ಮಂತ್ರಿಯನ್ನು ಕೆಡವಿಕೊಂಡು ಸಿಂಹಾಸನದ ಕಾಲು ಹಿಡಿದು ನಿಂತಳು. "ಅಲ್ಲಿ ಅಲಗು ಅಡ್ಡ ತಿರುಗಿಸಿದರೆ ನಿಲ್ಲುತ್ತಿತ್ತು. ಇದು ನಿಲ್ಲುವುದಿಲ್ಲವಲ್ಲೋ."

"ನಿಲ್ಲೋದು ಒಗಟಿನಲ್ಲಿ ಇರಲಿಲ್ಲ ಅಮ್ಮಣ್ಣಿ."

ಸುಡುಗಲ್ಲಿಗೆ ಬಂದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆಗಲೇ.

"ಏನು ಬೇಕೋ ಕೇಳು," ಎಂದ ರಾಜ. "ಅರ್ಧ ರಾಜ್ಯವಾದರೂ ಸರಿ."

ದ್ಯಾವಯ್ಯ ನೆಲ ನೋಡಿದ. ಬಾಗಿಲಿನಿಂದ ಸಿಂಹಾಸನದವರೆಗೆ ಚಕ್ರದ ಗೆರೆ ಸುತ್ತುಸುತ್ತಾಗಿ ಹರಡಿತ್ತು.

"ಸೆರೆಯಲ್ಲಿರುವ ಆ ಮೂವರನ್ನು ಕೊಡಿ, ಬುದ್ಧಿ."

"ಕ್ಷಮೆಯೋ, ಸೇಡೋ?"

"ಎರಡೂ ಅಲ್ಲ ಬುದ್ಧಿ. ಅಮ್ಮಣ್ಣಿ ದಿನಾ ಹೀಗೆ ಓಡಾಡಿದರೆ ಒರೆಸೋದು ನನ್ನೊಬ್ಬನ ಕೈಲಾಗಲ್ಲ."

ಮೂವರ ತಲೆಯೂ ಕತ್ತಿನ ಮೇಲೇ ಉಳಿಯಿತು. ದ್ಯಾವಯ್ಯ ಸಭಾಂಗಣದ ಮೇಲ್ವಿಚಾರಕನಾಗಿ ಅಲಂಕೃತ ಪೀಠದಲ್ಲಿ ಕೂತ, ಆದರೆ ಯುವರಾಜ ಮೂಲೆಗಳನ್ನು ಒರೆಸದೆ ಬಿಡುತ್ತಾನೆಂದು ಅರ್ಧ ದಿನ ಕೆಳಗಿಳಿದೇ ಇರುತ್ತಿದ್ದ. ಅವರು ಜಾರುತ್ತ ಸುಖವಾಗಿದ್ದರು. ನಾವು ಜಾರದೆ ಸುಖವಾಗಿರೋಣ.